ತೆರೆಸಿದ ಕಣ್ಣುಗಳು

“ಈ ಕಣ್ಣ ನಾನಽ ತೆರದೀನಿ,” ಎಂದರು ಜಹೀರುದ್ದೀನ್.

ಹಾಗೆನ್ನುವಾಗ ಚಿತ್ರ ಅವರ ಮೂಗಿಗೆ ತಾಗುವಷ್ಟು ಹತ್ತಿರವಿತ್ತು. ಎಂಬತ್ತು ದಾಟಿದ ಮುದುಕ, ಫೋಟೊ ನೋಡಿ ಬಣ್ಣದ ಚಿತ್ರ ಬರೆದುಕೊಡುತ್ತಿದ್ದವರು. ಒಂದು ಕಣ್ಣಿಗೆ ಪೂರ್ತಿ ಪೊರೆ ಬಂದಿತ್ತು, ಇನ್ನೊಂದಕ್ಕೆ ದಪ್ಪ ಗಾಜಿನ ಕನ್ನಡಕ. ಕಣ್ಣಿಗಿಂತ ಹೆಚ್ಚಾಗಿ ಹೆಬ್ಬೆರಳಿನಿಂದಲೇ ನೋಡುತ್ತಿದ್ದರು. ಬಣ್ಣದ ಮೇಲೆ ಆಡುತ್ತಿದ್ದ ಬೆರಳು ಚಿತ್ರದ ಗಂಡಸಿನ ಕಣ್ಣಿನ ಹತ್ತಿರ ಬಂದು ನಿಂತಿತು.

“ತೆರದೀನಿ ಅಂದ್ರ ಏನ್ರಿ ಅರ್ಥ?” ಎಂದೆ.

“ಮುಚ್ಚಿದ್ದವು, ಜಮಾದಾರ್ ಸಾಬ್. ತೆರದೆ.”

ಪಕ್ಕದಲ್ಲಿ ಕೂತಿದ್ದ ರೂಪಾಲಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ.

ಆ ಚಿತ್ರ ಇಪ್ಪತ್ತೆಂಟು ವರ್ಷದಿಂದ ಬಸವಕಲ್ಯಾಣದ ಅವಳ ಮನೆಯ ಗೋಡೆಯ ಮೇಲಿತ್ತು. ಅವಳ ಅಪ್ಪ ಬಕ್ಕಪ್ಪ ೧೯೭೪ರಲ್ಲಿ ನಿರ್ಣಾ ಊರಿನಿಂದ ಕಾಣೆಯಾದವನು. ಅವಳಿಗಾಗ ಒಂದು ವರ್ಷ. ಅಪ್ಪ ಯಾಕೆ ಬಿಟ್ಟುಹೋದ ಎಂದು ಪತ್ತೆ ಮಾಡಿಕೊಡಿ ಎಂದು ಅವಳು ನನ್ನ ಬೆನ್ನು ಹತ್ತಿ ಒಂದು ತಿಂಗಳಾಗಿತ್ತು.

ತುಳಜಾರಾಮ ಎಂಬ ಈ ನಿವೃತ್ತ ಪೊಲೀಸ್ ಜಮಾದಾರನ ಬೆನ್ನು ಹತ್ತಲು ಕಾರಣವಿತ್ತು. ಕಾಣೆಯಾದ ದೂರನ್ನು ಅಂದು ಬರೆದುಕೊಂಡವನು ನಾನೇ. ಕಾಗದ ಗೆದ್ದಲಿಗೆ ಹೋಗಿದೆ, ಬರೆದವನನ್ನು ಗೆದ್ದಲು ಇನ್ನೂ ತಿಂದಿಲ್ಲ ಎಂದು ಠಾಣೆಯಲ್ಲಿ ಯಾರೋ ನಗೆಯಾಡಿ ಅವಳನ್ನು ನನ್ನ ಮನೆಗೆ ಕಳಿಸಿದ್ದರು. ಅವಳಿಗೆ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಆ ಕಾಗದದಲ್ಲಿ ನಾನು ಬರೆದದ್ದೇನು ಎಂದು ಹೇಳಲೂ ಬಾಯಿ ಬರಲಿಲ್ಲ.

ರೂಪಾಲಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮನೆಯ ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು ಚಿತ್ರ ಬರೆಯುವುದು ಅವಳ ಹುಚ್ಚು. ಫೋಟೊದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುವವಳಲ್ಲ. ಅವ್ವ ಮಾಣಿಕಮ್ಮ ಹಾಸ್ಟೆಲಿನ ಅಡುಗೆಯವರ ಸಾಲಿನಲ್ಲಿ ನಿಂತ ಫೋಟೊ ಒಂದಿದೆ. ಅದನ್ನು ನೋಡಿ, ಉಳಿದ ಆರು ಮಂದಿಯನ್ನು ಬಿಟ್ಟು, ಅವ್ವನೊಬ್ಬಳನ್ನೇ ಬರೆದಿದ್ದಾಳೆ. ಅವರು ನಿಂತಿದ್ದ ಜಾಗವೆಲ್ಲ ಹಾಗೇ ಖಾಲಿ. ತನ್ನ ಏಳನೆಯ ತರಗತಿಯ ಗ್ರೂಪ್ ಫೋಟೊ ಬರೆದಾಗ ಶಾಲೆಯ ಗೇಟಿನ ಹೊರಗೆ ಒಬ್ಬ ಗಂಡಸನ್ನು ನಿಲ್ಲಿಸಿದ್ದಾಳೆ. ಫೋಟೊದಲ್ಲಿ ಅಲ್ಲಿ ಯಾರೂ ಇಲ್ಲ.

ಆದರೆ ಗೋಡೆಯ ಮೇಲಿನ ಅಪ್ಪನನ್ನು ಬರೆಯಲು ಕೂತಾಗ ಮಾತ್ರ ಕೈ ಸೋಲುತ್ತಿತ್ತು. ಹನ್ನೊಂದು ಸಲ ಬರೆದಿದ್ದಳು. ಹನ್ನೊಂದು ಸಲವೂ ಕಣ್ಣು ಕೂಡಲಿಲ್ಲ.

ಕೊನೆಗೆ ಕಾರಣ ಸಿಕ್ಕಿತು. ಬದುಕಿರುವವರ ಕಣ್ಣಿನ ಕರಿಗುಡ್ಡೆಯಲ್ಲಿ ಬೆಳಕಿನದೊಂದು ಬಿಳಿ ಚುಕ್ಕಿ ಇರುತ್ತದಂತೆ. ಚಿತ್ರಗಾರರು ಅದನ್ನು ಎಲ್ಲಕ್ಕಿಂತ ಕೊನೆಗೆ ಇಡುತ್ತಾರೆ. ಈ ಚಿತ್ರದಲ್ಲಿ ಅದಿರಲಿಲ್ಲ. ಚಿತ್ರದ ಹಿಂದೆ ‘ಜಹೀರುದ್ದೀನ್, ಹುಮನಾಬಾದ’ ಎಂಬ ಚೀಟಿ ಇತ್ತು. ಅದೇ ಚೀಟಿ ಇದ್ದ ಐದು ಚಿತ್ರಗಳನ್ನು ಅವಳು ಕಲ್ಯಾಣದ ಮನೆಮನೆಗೆ ಹೋಗಿ ನೋಡಿ ಬಂದಿದ್ದಳು. ಐದರಲ್ಲೂ ಚುಕ್ಕಿ ಇತ್ತು, ಅವಳಪ್ಪನಿಗೆ ಮಾತ್ರ ಇರಲಿಲ್ಲ. ಅದಕ್ಕೇ ಇಂದು ಮುಂಜಾನೆಯ ಬಸ್ಸಿಗೆ ಹುಮನಾಬಾದಿನ ಈ ಮನೆಗೆ ಬಂದಿದ್ದೆವು.

“ಚಾಚಾ,” ಎಂದಳು ರೂಪಾಲಿ, “ನಿದ್ದಿ ಮಾಡಿದಾವರ ಫೋಟೊ ಯಾರೂ ತಗ್ಯಂಗಿಲ್ಲ.”

“ಇಲ್ಲ ಬೇಟಿ.”

“ಮತ್ತ?”

ಜಹೀರುದ್ದೀನ್ ಚಿತ್ರವನ್ನು ಮಂಚದ ಮೇಲೆ ಮಲಗಿಸಿದರು. “ನಿಮ್ಮ ಲಿಂಗವಂತ ಮಂದ್ಯಾಗ ಜೀವ ಹೋದ ಮ್ಯಾಲ ಕೂಡಸ್ತಾರ. ಬೆನ್ನಿಗಿ ಗ್ವಾಡಿ ಕೊಟ್ಟು, ಹಣಿಗಿ ಇಭೂತಿ ಹಚ್ಚಿ, ಹೂವ ಹಾಕಿ. ಆವಾಗ ಒಂದು ಫೋಟೊ ತಗಸ್ತಾರ. ಬದುಕಿದ್ದಾಗ ಒಂದೂ ಫೋಟೊ ಇಲ್ಲದಾವರಿಗಿ ಅದಽ ಮೊದಲನೇದು, ಅದಽ ಕಡೀದು. ಅದನ್ನ ನನ್ನ ಕಡಿ ತರ್ತಿದ್ರು. ಚಾಚಾ, ಕಣ್ಣ ತೆರದು ಕೊಡ್ರಿ ಅಂತಿದ್ರು. ಗದ್ದಕ್ಕ ಕಟ್ಟಿದ ಅರಿವಿ ತಗದು, ಇಭೂತಿ ಅಳಿಸಿ, ಹೂವ ಅಳಿಸಿ, ಕಣ್ಣ ತೆರದು ಕೊಡ್ತಿದ್ದೆ. ಕೂತಿದ್ದ ಮನಷ್ಯಾ ನೋಡ್ರಿ, ಯಾರಿಗೂ ಗೊತ್ತಽ ಆಗ್ತಿರಲಿಲ್ಲ.”

“ಚುಕ್ಕಿ ಯಾಕ ಇಡಲಿಲ್ರಿ?”

“ಅದು ಜಾನ್, ಬೇಟಿ, ಜೀವ. ಮುಚ್ಚಿದ ಕಣ್ಣ ತೆರೂದು ಕುಂಚದ ಕೆಲಸ. ಅದರಾಗ ಬೆಳಕ ಇಡೂದು ಅಲ್ಲಾಹನ ಕೆಲಸ. ನನ್ನ ಉಸ್ತಾದರು ಹಂಗ ಕಲಿಸ್ಯಾರ. ಬದುಕಿದ್ದಾವರಿಗಿ ಇಟ್ಟೀನಿ, ಹೋದಾವರಿಗಿ ಇಟ್ಟಿಲ್ಲ. ಐವತ್ತು ವರ್ಷದಾಗ ಯಾರೂ ಕೇಳಿರಲಿಲ್ಲ. ನೀ ಕೇಳಿದಿ.”

ಮೂವತ್ತು ವರ್ಷ ಪೊಲೀಸ್ ನೌಕರಿ ಮಾಡಿದವನು ನಾನು. ಲಿಂಗಾಯತರ ಮಣ್ಣಿಗೆ ನೂರು ಸಲ ಹೋಗಿದ್ದೇನೆ. ಕೂಡಿಸಿದ ಹೆಣಕ್ಕೆ ಕೈ ಮುಗಿದು ಬಂದಿದ್ದೇನೆ. ರೂಪಾಲಿಯ ಮನೆಯಲ್ಲಿ ಈ ಚಿತ್ರದ ಕೆಳಗೆ ಕೂತು ಒಂದು ತಿಂಗಳಿಂದ ಚಹಾ ಕುಡಿಯುತ್ತಿದ್ದರೂ ನನಗೆ ಹೊಳೆಯದ್ದು ಈ ಡ್ರಾಯಿಂಗ್ ಟೀಚರಿಗೆ ಹೊಳೆದಿತ್ತು.

“ಇದನ್ನ ಬರಿಯಾಕ ತಂದಿದ್ದ ಫೋಟೊ ಎಲ್ಲದ್ರಿ?” ಎಂದೆ.

ಅವರು ಒಳಕ್ಕೆ ಮುಖ ತಿರುಗಿಸಿ ಹೆಂಡತಿಯನ್ನು ಕರೆದರು. ಹಜಿರಾ ಬೀ ಒಂದು ತಗಡಿನ ಡಬ್ಬಿ ತಂದರು. ಕಣ್ಣು ತೆರೆಸಿದವರ ಮೂಲ ಫೋಟೊಗಳನ್ನು ಜಹೀರುದ್ದೀನ್ ಮರಳಿ ಕೊಡುತ್ತಿರಲಿಲ್ಲ. ಮನೆಯಲ್ಲಿ ಎರಡೂ ಇದ್ದರೆ ತೆರೆದ ಕಣ್ಣನ್ನು ಯಾರೂ ನಂಬುವುದಿಲ್ಲ ಎಂಬುದು ಅವರ ಮಾತು. ಡಬ್ಬಿಯಲ್ಲಿ ಐವತ್ತು ಅರುವತ್ತು ಮಂದಿ ಇದ್ದರು. ಎಲ್ಲರೂ ಕೂತವರು, ಎಲ್ಲರ ಕಣ್ಣೂ ಮುಚ್ಚಿದ್ದವು.

ರೂಪಾಲಿಗೆ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹನ್ನೊಂದು ಸಲ ಬರೆದ ಮುಖವಲ್ಲವೇ.

ಅಂಗೈಯಷ್ಟು ಕಪ್ಪು ಬಿಳುಪಿನ ಫೋಟೊ. ಗೋಡೆಗೆ ಒರಗಿಸಿದ ಗಂಡಸು, ಗದ್ದಕ್ಕೆ ಕಟ್ಟಿದ ಬಿಳಿ ಬಟ್ಟೆ, ಹಣೆಯ ತುಂಬ ವಿಭೂತಿ. ಹಿಂದಿನಿಂದ ಯಾರದೋ ಎರಡು ಕೈ ಅವನ ಹೆಗಲು ಹಿಡಿದಿದ್ದವು. ಪಕ್ಕದಲ್ಲಿ ಸೆರಗಿನಿಂದ ಮುಖ ಪೂರ್ತಿ ಮುಚ್ಚಿಕೊಂಡ ಹೆಂಗಸು. ಅವಳ ಒಂದು ಕೈ ಮಾತ್ರ ಹೆಣದ ತೊಡೆಯ ಮೇಲೆ. ಮಣಿಕಟ್ಟಿನಿಂದ ಮೊಣಕೈವರೆಗೆ ಹಚ್ಚೆ.

ಆ ಹಚ್ಚೆಯನ್ನು ನಾನು ನೋಡಿದೆ. ನೋಡಿಯೂ ಬಿಟ್ಟೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಪರಾಂಬರಿಸುವ ಬುದ್ಧಿ ನನಗೆ ಎಂದೂ ತಕ್ಕ ಹೊತ್ತಿಗೆ ಬಂದದ್ದಿಲ್ಲ.

“ಕಾಕಾ,” ಎಂದಳು ರೂಪಾಲಿ. ಫೋಟೊವನ್ನು ನನ್ನ ಮುಂದೆ ಹಿಡಿದಳು. “ಅಪ್ಪ ನಮ್ಮನ್ನ ಬಿಟ್ಟು ಹೋಗಿಲ್ಲ. ಸತ್ತಾರ.”

ಅವಳು ಅಳುತ್ತಿದ್ದಳು, ಆದರೆ ಮುಖದಲ್ಲಿ ಇದ್ದದ್ದು ದುಃಖವಲ್ಲ. ಅಪ್ಪ ಸತ್ತ ಸುದ್ದಿಗೆ ಹಗುರಾದ ಮಗಳನ್ನು ನಾನು ಅದೇ ಮೊದಲು ನೋಡಿದ್ದು. ಹೆಣ್ಣು ಹುಟ್ಟಿದ್ದಕ್ಕೆ ಬಕ್ಕಪ್ಪ ಮನೆ ಬಿಟ್ಟ ಎಂಬ ಮಾತನ್ನು ಹೊತ್ತುಕೊಂಡೇ ಅವಳು ಇಪ್ಪತ್ತೊಂಬತ್ತು ವರ್ಷದವಳಾಗಿದ್ದಳು. ಆ ಹೊರೆ ಈಗ ಇಳಿದಿತ್ತು. ಅವಳನ್ನು ನೋಡಿ ನನಗೂ ಹೊಟ್ಟೆ ತಣ್ಣಗಾಯಿತು, ಸುಳ್ಳು ಹೇಳುವುದಿಲ್ಲ.

“ಇದನ್ನ ಯಾರು ತಂದಿದ್ರು ನೆನಪದೇನ್ರಿ?” ಎಂದು ಕೇಳಿದೆ.

“ನನಗ ನೆನಪಿಲ್ಲ ಸಾಬ್. ಇವಳನ್ನ ಕೇಳ್ರಿ.”

ಹಜಿರಾ ಬೀ ರೂಪಾಲಿಯ ಮುಖವನ್ನೇ ನೋಡುತ್ತಿದ್ದರು. “ಒಬ್ಬಾಕಿ ಹೆಣ್ಮಗಳು ಬಂದಿದ್ಲು. ಹಣಿಮ್ಯಾಲ ಇಷ್ಟು ದೊಡ್ಡ ಕುಂಕುಮ. ಬಗಲಾಗ ಕೂಸು. ಕೂಸು ಕೆಂಪ ಬಣ್ಣದಾಗ ಕೈ ಹಾಕಿ ಬಾಯಿಗಿ ಒಯ್ದಿತ್ತು. ನಾನಽ ಕೈ ತೊಳದೆ. ಎಷ್ಟು ಹಟ ಆ ಕೂಸಿಗಿ. ನೀನಽ ಏನು ಅದು?”

ರೂಪಾಲಿ ಫೋಟೊವನ್ನು ಮಂಚದ ಮೇಲೆ ಇಟ್ಟಳು. ಮುಖದ ಬೆಳಕು ಬಂದ ಹಾಗೆಯೇ ಇಳಿದುಹೋಯಿತು.

ಅಂದರೆ ಚಿತ್ರ ಮಾಡಿಸಿದವಳು ಮಾಣಿಕಮ್ಮ. ನಿಮ್ಮಪ್ಪ ಬರ್ತಾನ ಎಂದು ಮಗಳಿಗೆ ವರ್ಷಗಟ್ಟಲೆ ಹೇಳಿದವಳು, ಇಂದಿಗೂ ಮುತ್ತೈದೆಯಾಗಿ ಕುಂಕುಮ ಇಟ್ಟುಕೊಳ್ಳುವವಳು, ಅವನ ಹೆಣದ ಫೋಟೊವನ್ನು ತಾನೇ ತಂದು ಕಣ್ಣು ತೆರೆಸಿಕೊಂಡು ಹೋಗಿದ್ದಳು.

ಕಲ್ಯಾಣದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಈ ಕಡೆ ನಾನು. ಚಿತ್ರವನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡಿದ್ದೆವು.

“ದೊಡ್ಡಪ್ಪನ ಕೆಲಸ ಇದು,” ಎಂದಳು ರೂಪಾಲಿ. “ಅವರಽ ಅವ್ವನ ಬಾಯಿ ಮುಚ್ಚಸ್ಯಾರ.”

ನನ್ನ ಅನುಮಾನವೂ ಅದೇ. ಬಕ್ಕಪ್ಪನ ಅಣ್ಣ ಗುರುಲಿಂಗ. ಕಾಣೆಯಾದ ದೂರು ಕೊಡಲು ಠಾಣೆಗೆ ಬಂದವನು ಅವನು. ತಮ್ಮನ ಫೋಟೊ ಕೊಡು ಎಂದರೆ ಒಂದೂ ಇಲ್ಲ ಎಂದಿದ್ದ. ತಮ್ಮನ ಹೆಂಡತಿ ಕಲ್ಯಾಣಕ್ಕೆ ಬಂದು ಮನೆ ಮಾಡಿದ ಮೇಲೆ ಒಂದು ದಿನವೂ ಅತ್ತ ತಲೆ ಹಾಕಿದವನಲ್ಲ. ಹೋದ ವಾರ ನಿರ್ಣಾಕ್ಕೆ ಹೋಗಿ ಗೋಡೆಯ ಮೇಲಿನ ಚಿತ್ರದ ಮಾತು ತೆಗೆದಾಗ, “ಅದರ ಸುದ್ದಿ ನನ್ನ ಮುಂದ ಬ್ಯಾಡ್ರಿ,” ಎಂದು ಎದ್ದುಹೋಗಿದ್ದ. ತಮ್ಮ ಸತ್ತ, ಅಣ್ಣ ಮಣ್ಣು ಮಾಡಿದ, ಆಮೇಲೆ ಕಾಣೆಯಾದ ಎಂದು ನನ್ನ ಮುಂದೆ ಹೇಳಿದ. ಕೂಡಿಸಿದರೆ ಕೂಡುತ್ತಿತ್ತು.

ಫೋಟೊದವನನ್ನು ಕರೆಸಿ ಚಿತ್ರ ತೆಗೆಸಿದ ಸಾವನ್ನು ಒಂದು ಇಡೀ ಊರು ಹೇಗೆ ಮುಚ್ಚಿಟ್ಟಿತು? ಈ ಪ್ರಶ್ನೆ ಕೇಳಿಕೊಳ್ಳಬೇಕಿತ್ತು. ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆಯೇ ಕೊರೆಯುತ್ತಿತ್ತು. ರಾಜೇಶ್ವರ ದಾಟುವವರೆಗೂ ತಡೆದೆ.

“ರೂಪಾಲಿ, ನಿನ್ನ ಮುಂದ ಒಂದು ಮಾತು ಹೇಳೂದದ.”

“ಹೇಳ್ರಿ ಕಾಕಾ.”

“ಹೆಣ್ಣು ಹುಟ್ಟಿದ್ದಕ್ಕ ನಿಮ್ಮಪ್ಪ ಮನಿ ಬಿಟ್ಟ ಅಂತಾರಲ್ಲ, ಆ ಮಾತು ಮೊದಲು ಯಾರು ಅಂದ್ರು ಗೊತ್ತದೇನು?”

“ಇಡೀ ನಿರ್ಣಾನಽ ಅಂತದ.”

“ಊರು ಆಮ್ಯಾಲ ಅಂತು. ಮೊದಲು ನಾ ಬರದೆ.”

ಅವಳು ತಿರುಗಿದಳು. ಒಮ್ಮೆ ಬಾಯಿ ತೆರೆದ ಮೇಲೆ ನಾನು ನಿಲ್ಲಿಸಲಿಲ್ಲ. ಅಂದು ಮಧ್ಯಾಹ್ನ ದೊಡ್ಡ ಸಾಹೇಬರು ಬರುವವರಿದ್ದರು, ನನಗೆ ಅವಸರ. ದೂರಿನಲ್ಲಿ ಮನೆ ಬಿಡಲು ಕಾರಣ ಬರೆಯಬೇಕು. ಗುರುಲಿಂಗ ಗೊತ್ತಿಲ್ಲರಿ ಎಂದ. ಅವನ ಹಿಂದೆ ಮಾಣಿಕಮ್ಮ ಕೂಸು ಎತ್ತಿಕೊಂಡು ನಿಂತಿದ್ದಳು. ಗಂಡೋ ಹೆಣ್ಣೋ ಎಂದು ಕೇಳಿದೆ. ಹೆಣ್ಣು ಎಂದಳು. ‘ಹೆಣ್ಣು ಮಗು ಹುಟ್ಟಿದ್ದರಿಂದ ಮನನೊಂದು ಮನೆ ಬಿಟ್ಟು ಹೋಗಿರುತ್ತಾನೆ’ ಎಂದು ಬರೆದೆ. ನಿಯಮದಂತೆ ಗಟ್ಟಿಯಾಗಿ ಓದಿ ಹೇಳಿದೆ. ಊರಿನ ನಾಲ್ಕು ಮಂದಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಸರಕಾರಿ ಕಾಗದದಲ್ಲಿ ಬಂದ ಮಾತು ಸುಳ್ಳಾಗುತ್ತದೆಯೇ? ಅದು ಅವರು ಮನೆ ಮುಟ್ಟುವ ಮೊದಲೇ ಊರು ಮುಟ್ಟಿತು.

“ಎರಡು ಸಂಬಂಧ ಮುರದಾವ ನನ್ನವು,” ಎಂದಳು ರೂಪಾಲಿ. “ಹುಟ್ಟಿದ ಕೂಡಲೆ ಅಪ್ಪನ್ನ ಓಡಿಸಿದಾಕಿ, ಗಂಡನ ಮನ್ಯಾಗ ಏನು ಮಾಡ್ತಾಳೋ ಅಂತ. ಭಾಲ್ಕಿ ಮಂದಿ ನನ್ನ ಮಾರಿ ಮ್ಯಾಲನಽ ಅಂದು ಹೋದ್ರು. ಅದು ನಿಮ್ಮ ಬರಹ ಏನ್ರಿ?”

“ಹೌದವ್ವ.”

“ಗೊತ್ತಿದ್ದೂ ಒಂದು ತಿಂಗಳಿಂದ ನನ್ನ ಜೋಡಿ ತಿರಗಾಕತ್ತೀರಿ?”

“ತಿದ್ದಾಕ ಆಗ್ತದೇನೋ ಅಂತ.”

“ಆಗ್ತದೇನ್ರಿ?”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ಎದ್ದು ಮುಂದಿನ ಖಾಲಿ ಸೀಟಿಗೆ ಹೋಗಿ ಕೂತಳು. ಚಿತ್ರ ನನ್ನ ಹತ್ತಿರವೇ ಉಳಿಯಿತು. ಬಸ್ಸು ಕುಲುಕಿದಾಗಲೆಲ್ಲ ಅದು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು.

ಕಲ್ಯಾಣದಲ್ಲಿ ಇಳಿದ ಮೇಲೆ ನಾನು ಚಿತ್ರ ಅವಳ ಕೈಗೆ ಕೊಟ್ಟು ನನ್ನ ದಾರಿ ಹಿಡಿಯಬೇಕೆಂದಿದ್ದೆ. ಅವಳೇ ಕರೆದಳು. ಸಿಟ್ಟು ಇಳಿದಿರಲಿಲ್ಲ, ಆದರೆ ದನಿ ಸಣ್ಣದಾಗಿತ್ತು.

“ಮನಿಗಿ ಬರ್ರಿ. ಅವ್ವನ ಮುಂದ ಇದನ್ನ ಒಬ್ಬಾಕಿ ಕೇಳಾಕ ನನಗ ಆಗಂಗಿಲ್ಲ.”

ಮಾಣಿಕಮ್ಮ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಐವತ್ತರ ಮೇಲೆ ಒಂದೋ ಎರಡೋ ವರ್ಷ. ಕಡಿಮೆ ಮಾತಿನ, ಸಪೂರ ಹೆಂಗಸು. ಹಾಸ್ಟೆಲಿನ ಹುಡುಗಿಯರಿಗೆ ಇಪ್ಪತ್ತೇಳು ವರ್ಷ ಅಡುಗೆ ಮಾಡಿ ಹಾಕಿದ ಕೈ. ನಮ್ಮನ್ನು ನೋಡಿ, “ಕೂಡ್ರಿ ಜಮಾದಾರ್ರ, ಬಿಸಿ ರೊಟ್ಟಿ ಅದ,” ಎಂದರು.

ಸೋಮವಾರವಾದ್ದರಿಂದ ಗೋಡೆಯ ಖಾಲಿ ಮೊಳೆಯ ಕೆಳಗೆ ಒಂದು ಹೂವು ಇಟ್ಟಿತ್ತು. ಬದುಕಿದ್ದವರ ಚಿತ್ರಕ್ಕೆ ಹೂವು ಇಡಬಾರದು ಎಂದು ಓಣಿಯ ಹೆಂಗಸರು ಎಷ್ಟು ಬೈದರೂ ಮಾಣಿಕಮ್ಮ ಪ್ರತಿ ಸೋಮವಾರ ಮಗಳ ಕೈಯಿಂದ ಹೂವು ಇಡಿಸುತ್ತಿದ್ದರಂತೆ. ಇಂದು ಮಗಳು ಇರಲಿಲ್ಲ, ತಾವೇ ಇಟ್ಟಿದ್ದರು.

ರೂಪಾಲಿ ಅವ್ವನ ಎದುರು ನೆಲದ ಮೇಲೆ ಕೂತು ಆ ಸಣ್ಣ ಫೋಟೊವನ್ನು ಹಿಟ್ಟಿನ ಪರಾತದ ಪಕ್ಕ ಇಟ್ಟಳು.

ರೊಟ್ಟಿ ಬಡಿಯುವ ಕೈ ನಿಂತಿತು.

“ಹುಮನಾಬಾದಕ್ಕ ಹೋಗಿದ್ದೆ ಅವ್ವ. ಜಹೀರುದ್ದೀನ ಚಾಚಾ ಎಲ್ಲಾ ಹೇಳ್ಯಾರ.”

ಮಾಣಿಕಮ್ಮ ಪರಾತದಿಂದ ಕೈ ತೆಗೆದರು. ಹಿಟ್ಟು ಹತ್ತಿದ ಎರಡು ಕೈಗಳನ್ನೂ ಮುಂದೆ ಹಿಡಿದುಕೊಂಡು ಫೋಟೊ ನೋಡುತ್ತ ಕೂತರು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು, ತೋಳು ಮೊಣಕೈವರೆಗೂ ಬರಿದಾಗಿತ್ತು.

ಆ ತೋಳಿನ ಮೇಲೆ ಹಚ್ಚೆಯ ಗುರುತೇ ಇರಲಿಲ್ಲ.

ಎಡಗೈ ನೋಡಿದೆ, ಬಲಗೈ ನೋಡಿದೆ. ಹಚ್ಚೆ ಅಳಿಸಿಹೋಗುವ ವಸ್ತುವಲ್ಲ. ಫೋಟೊದಲ್ಲಿ ಹೆಣದ ಪಕ್ಕ ಕೂತವಳು ಹೆಂಡತಿಯೇ ಆಗಿರಬೇಕು, ಬೇರೆ ಹೆಂಗಸು ಹಾಗೆ ತೊಡೆಯ ಮೇಲೆ ಕೈ ಇಡುವುದಿಲ್ಲ. ಅವಳು ಮಾಣಿಕಮ್ಮ ಅಲ್ಲವೆಂದರೆ...

“ರೂಪಾಲಿ, ನಿಂದ್ರು,” ಎಂದೆ. ತಡವಾಗಿತ್ತು.

“ಅಪ್ಪ ಸತ್ತಿದ್ದು ನಿನಗ ಗೊತ್ತಿತ್ತು. ಬರ್ತಾನ ಬರ್ತಾನ ಅಂತ ನನಗ ಯಾಕ ಸುಳ್ಳ ಹೇಳಿದಿ?”

“ಇವ ನಿಮ್ಮಪ್ಪ ಅಲ್ಲ,” ಎಂದರು ಮಾಣಿಕಮ್ಮ.

ಒಲೆಯ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು. ಅವರೇ ಕೈ ಚಾಚಿ ಅದನ್ನು ಕೆಳಗಿಳಿಸಿದರು. ಆಮೇಲೆ, ಯಾರದೋ ಮನೆಯ ಸುದ್ದಿ ಹೇಳುವ ದನಿಯಲ್ಲಿ ಹೇಳತೊಡಗಿದರು.

“ಇವ ಘಾಳೆಪ್ಪ. ನಿರ್ಣಾದಾಗ ನಮ್ಮ ಹೊಲದ ಬಾಜೂ ಹೊಲದಾವ. ನಿಮ್ಮಪ್ಪಗ ಜೀವದ ಗೆಳೆಯ. ಅವತ್ತು ಮುಂಜಾನಿ ಇಬ್ಬರೂ ಕೂಡಿ ಬಾವಿಗಿ ಹೋಗಿದ್ರು. ಮ್ಯಾಲ ಬಂದಾವ ಒಬ್ಬನಽ. ನಿಮ್ಮಪ್ಪ ತೊಯ್ಸಿಕೊಂಡ ಅರಿವಿ ಮ್ಯಾಲ ಬಂದು ಬಾಗಲಾಗ ನಿಂತ. ನಿನ್ನ ಎತ್ತಿಕೊಂಡ. ಕೆಳಗ ಇಳಸಿದ. ಹೋದ.”

“ಅಪ್ಪ ಅವರನ್ನ...”

“ನಾ ಕೇಳಲಿಲ್ಲ. ದಬ್ಬಿದೇನು, ಜಾರಿ ಬಿದ್ದನೇನು ಅಂತ ಒಂದು ಮಾತು ಕೇಳಬೇಕಾಗಿತ್ತು. ಬಾಯಿ ಬರಲಿಲ್ಲ.”

ಆ ಹೆಸರು ನನಗೆ ಗೊತ್ತಿತ್ತು. ಘಾಳೆಪ್ಪ, ನಿರ್ಣಾ, ಬಾವಿ. ಊರಿನ ಹಿರಿಯರ ಮಾತು ಕೇಳಿ ‘ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾನೆ’ ಎಂದು ಬರೆದವನು ನಾನು. ಅದಾದ ನಾಲ್ಕನೆಯ ದಿನಕ್ಕೆ ಬಕ್ಕಪ್ಪ ಕಾಣೆಯಾದ ದೂರು ಬರೆದವನೂ ನಾನು. ಅದೇ ಮೇಜು, ಅದೇ ಪೆನ್ನು. ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು ಒಂದು ಸಲ ನೋಡಿದ್ದರೆ ಸಾಕಿತ್ತು.

“ಮಣ್ಣಾಗಿ ಮೂರು ದಿನಕ್ಕ ಧೂಳಮ್ಮ ಬಂದಳು, ಘಾಳೆಪ್ಪನ ಹೆಂಡತಿ,” ಎಂದರು ಮಾಣಿಕಮ್ಮ. “ಬೈಲಿಲ್ಲ, ಅಳಲಿಲ್ಲ. ಈ ಫೋಟೊ ನನ್ನ ಉಡ್ಯಾಗ ಒಗದು, ದಿನಾ ಇವನ ಮಾರಿ ನೋಡು ಅಂದು ಹೋದಳು. ನೋಡ್ತೀನಿ ಅಂದೆ. ಆದ್ರ ಕಣ್ಣ ಮುಚ್ಚಿದ ಮಾರಿ ನೋಡಾಕ ನನ್ನಿಂದ ಆಗಲಿಲ್ಲ. ತೆರಸಿ ಗ್ವಾಡಿಗಿ ಹಾಕಿದೆ. ಅವನೂ ನಮ್ಮನ್ನ ನೋಡ್ಲಿ ಅಂತ. ಹೂವ ಇಡಸ್ತಿದ್ದಿದ್ದು ಅದಕ್ಕ. ಈ ಮನಿದು ಒಂದು ಜೀವ ಅವಗ ತಲಿ ಬಾಗಬೇಕಾಗಿತ್ತು.”

“ಮತ್ತ ಇವನ್ನ ನನಗ ಅಪ್ಪ ಅಂತ ಯಾಕ ಕಲಿಸಿದಿ ಅವ್ವ?”

“ನಾ ಕಲಿಸಲಿಲ್ಲ. ನೀನಽ ಅಂದಿ.” ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಅಲ್ಲಿ ಒಡೆಯಿತು. “ಆವಾಗಽ ಮಾತು ಕಲಿಯಾಕತ್ತಿದ್ದಿ. ಓಣ್ಯಾಗಿನ ಕೂಸು ಅಪ್ಪ ಅನ್ನೂದು ಕೇಳಿ ಬಂದು, ಗ್ವಾಡಿ ಕಡಿ ಬಟ್ಟ ಮಾಡಿ ಅಪ್ಪ ಅಂದಿ. ನಕ್ಕಿ. ಅಲ್ಲ ಅನ್ನಬೇಕಾಗಿತ್ತು. ನಾಳಿ ಹೇಳಿದ್ರಾಯ್ತು ಅಂದುಕೊಂಡೆ. ಮರುದಿನ ಮತ್ತ ಅಂದಿ.”

ರೂಪಾಲಿ ಫೋಟೊವನ್ನು ನೋಡುತ್ತ ಕೂತಿದ್ದಳು. ಯಾರ ಮುಖವನ್ನು ಹನ್ನೊಂದು ಸಲ ಬರೆದಿದ್ದಳೋ, ಯಾರ ಮುಂದೆ ನಿಂತು ಪರೀಕ್ಷೆಗೆ ಹೋಗುತ್ತಿದ್ದಳೋ, ಅವನು ಅವಳಿಗೆ ಯಾರೂ ಅಲ್ಲ. ಅಪ್ಪ ತನ್ನನ್ನು ಬಿಟ್ಟುಹೋಗಿಲ್ಲ ಎಂಬ ನೆಮ್ಮದಿ ಅವಳಿಗೆ ಸಿಕ್ಕಿದ್ದು ನಾಲ್ಕು ತಾಸು ಮಾತ್ರ. ಅದನ್ನು ಕಿತ್ತುಕೊಂಡದ್ದರಲ್ಲಿ ನನ್ನ ಪಾಲೂ ಇತ್ತು. ಅಂದು ಠಾಣೆಯಲ್ಲಿ ಆ ಹಾಳು ಸಾಲು ಬರೆಯುವ ಬದಲು, ಕೂಸು ಎತ್ತಿಕೊಂಡು ನಿಂತವಳನ್ನು ನೀನೇನು ಹೇಳುತ್ತೀಯವ್ವ ಎಂದು ಕೇಳಿದ್ದರೆ ಏನಾಗುತ್ತಿತ್ತೋ.

ಮಾಣಿಕಮ್ಮನಿಗೂ ಅದೇ ನೆನಪಾಗಿರಬೇಕು. ನನ್ನ ಕಡೆ ತಿರುಗಿದರು.

“ನಿಮ್ಮನ್ನ ಬೈಯಾಕ ನನಗ ಬಾಯಿಲ್ಲ ಜಮಾದಾರ್ರ. ನೀವು ಕೂಸಿನ ಹೆಸರಿಗಿ ಬರದ್ರಿ, ನಾ ಸುಮ್ಮನ ನಿಂತು ಕೇಳಿದೆ. ಹೆಣ್ಣು ಹುಟ್ಟಿದ್ದಕ್ಕ ಹೋದ ಅಂದ್ರ ಬಾವಿ ಕಡಿ ಯಾರೂ ನೋಡಂಗಿಲ್ಲ ಅಂತ ನಮ್ಮ ಭಾವ ಕಣ್ಣಸನ್ನಿ ಮಾಡಿದ್ರು. ಗಂಡ ಉಳೀಲಿ ಅಂತ ಮಗಳ ತಲಿಮ್ಯಾಲ ಹೊರಸಿದೆ.”

ನಾನು ತಲೆ ತಗ್ಗಿಸಿದೆ. ಆ ಸಾಲನ್ನು ನಾನೊಬ್ಬನೇ ಬರೆದೆನೆಂದು ಇಷ್ಟು ವರ್ಷ ನಂಬಿದ್ದೆ.

“ಅವ್ವ,” ಎಂದಳು ರೂಪಾಲಿ ನಿಧಾನವಾಗಿ, “ಅಪ್ಪ ಬದುಕ್ಯಾರೇನು?”

ಮಾಣಿಕಮ್ಮ ಮಗಳ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದರು.

“ಪೊಲೀಸರ ಮುಂದ ನಾ ಹೇಳಂಗಿಲ್ಲ.”

“ರಿಟೈರ್ ಆಗ್ಯಾರವ್ವ.”

“ಆದ್ರೂ.”

ರೂಪಾಲಿ ನನ್ನ ಕಡೆ ನೋಡಿದಳು. ಇರಲಿ ಬಿಡವ್ವ, ನಮ್ಮ ಕಾಕಾ ಎಂದು ಅಂದಾಳೇನೋ ಎಂದು ಒಂದು ಗಳಿಗೆ ಕಾದೆ. ಬಸ್ಸಿನಲ್ಲಿ ಅಷ್ಟೆಲ್ಲ ಹೇಳಿದ ಮೇಲೂ ಅಂಥ ಆಸೆ ಇಟ್ಟುಕೊಂಡ ನನ್ನ ಮುಖಕ್ಕೆ ಏನನ್ನಬೇಕು.

“ನೀವು ಮನಿಗಿ ಹೋಗ್ರಿ ಕಾಕಾ,” ಎಂದಳು.

ಎದ್ದೆ. ರೊಟ್ಟಿ ತಿಂದು ಹೋಗ್ರಿ ಎಂದು ಯಾರೂ ಹೇಳಲಿಲ್ಲ. ನಾನು ಹೊಸ್ತಿಲು ದಾಟಿದ ಮೇಲೆ ಅವಳು ಬಾಗಿಲು ಮುಂದೆ ಮಾಡಿ ಒಳಗೆ ಹೋದಳು.

ಹಾಗೇ ನಡೆದುಬಿಡಬೇಕಿತ್ತು. ಮೂರು ಮೆಟ್ಟಿಲು ಇಳಿದರೆ ಓಣಿ, ಓಣಿ ದಾಟಿದರೆ ತ್ರಿಪುರಾಂತದ ರಸ್ತೆ, ಅಲ್ಲಿಂದ ನನ್ನ ಮನೆ. ಆದರೆ ಚಪ್ಪಲಿ ಇದ್ದದ್ದು ಅಡುಗೆಮನೆಯ ಕಿಟಕಿಯ ಕೆಳಗೆ, ಮತ್ತು ಮೂವತ್ತು ವರ್ಷದ ಕೆಟ್ಟ ಚಾಳಿ ಒಂದು ಸಂಜೆಗೆ ಬಿಡುವಂಥದ್ದಲ್ಲ. ಬಗ್ಗಿದವನು ಬಗ್ಗಿಯೇ ನಿಂತೆ.

“ಖರೇ ಹೇಳು ಅವ್ವ. ನಾ ಹೆಣ್ಣಾದೆ ಅಂತ ಹೋದ್ರೇನು?”

“ಅಲ್ಲ ನನ್ನ ಕೂಸೇ. ನೀ ಇದ್ದಿ ಅಂತಽ ದೂರ ಹೋಗಲಿಲ್ಲ.”

“ಎಲ್ಲಿದ್ದಾರ?”

ಪಾತ್ರೆಯೊಂದನ್ನು ಸರಿಸಿದ ಸಪ್ಪಳ. ಆಮೇಲೆ ಮಾಣಿಕಮ್ಮನ ದನಿ, ಮೊದಲಿಗಿಂತ ಸಣ್ಣದು.

“ಮಾಣಿಕನಗರದಾಗ.”

ನಾನು ಗೋಡೆ ಹಿಡಿದುಕೊಂಡೆ. ಇಂದು ಮುಂಜಾನೆ ನಾವು ಕೂತಿದ್ದ ಜಹೀರುದ್ದೀನರ ಮನೆಯಿಂದ ನಡೆದೇ ಹೋಗಬಹುದಾದ ದೂರ. ಘಾಳೆಪ್ಪನದು ಕೊಲೆಯೇ ಆಗಿದ್ದರೆ ಅದಕ್ಕೆ ಇಪ್ಪತ್ತೆಂಟು ವರ್ಷವೂ ಒಂದೇ, ನಿನ್ನೆಯೂ ಒಂದೇ. ಕಾನೂನು ಅಷ್ಟು ನನಗೆ ಗೊತ್ತು. ಬಾವಿಯ ಕಾಗದದಲ್ಲಿ ಬರೆದದ್ದನ್ನು ತಿದ್ದಲು ಈಗಲೂ ನನಗೆ ದಾರಿ ಇತ್ತು. ಧೂಳಮ್ಮ ಇನ್ನೂ ಬದುಕಿದ್ದಾಳೋ ಏನೋ. ಅವಳ ಗಂಡನ ಸಾವಿಗೂ ಒಂದು ಖರೇ ಕಾರಣ ಸಿಗಬೇಕಲ್ಲ. ಆದರೆ ನಾನು ಅದನ್ನು ತಿದ್ದಿದರೆ, ಈಗಷ್ಟೇ ಅಪ್ಪ ಸಿಕ್ಕ ಮಗಳ ಕೈಯಿಂದ ಅವನನ್ನು ಕಸಿದುಕೊಳ್ಳುವವನೂ ನಾನೇ ಆಗುತ್ತೇನೆ.

ಬಾಗಿಲು ತೆರೆಯಿತು. ಇನ್ನು ಇದನ್ನು ಗೋಡೆಗೆ ಹಾಕುವುದಿಲ್ಲ ಎಂಬಂತೆ ರೂಪಾಲಿ ಆ ಚಿತ್ರವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದಿದ್ದಳು. ನನ್ನನ್ನು ಕಂಡು ಅಲ್ಲೇ ನಿಂತಳು.

“ಕಾಕಾ. ಇನ್ನೂ ಇಲ್ಲೇ ಇದ್ದೀರಿ?”

“ಚಪ್ಪಲಿ ಹಾಕೊಳಾಕತ್ತಿದ್ದೆ.”

ಅವಳು ಕಿಟಕಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

“ಒಳಗಿನ ಮಾತು ಏನಾರ ಕೇಳಸ್ತೇನ್ರಿ?”

“ಇಲ್ಲವ್ವ,” ಎಂದೆ.